ಕಾರ್ಮಿಕ ಸಂಘಗಳು ಮತಪೆಟ್ಟಿಗೆಯ ಬಳಿ ಬಂದದ್ದು

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಗಿರಣಿ, ಗಣಿ, ರೈಲುಗಳು ಬೆಳೆದ ವೇಗದಲ್ಲಿ ಮತದ ಹಕ್ಕು ಬೆಳೆಯಲಿಲ್ಲ. 1832ರ ಸುಧಾರಣಾ ಕಾಯ್ದೆ ಮಧ್ಯಮ ವರ್ಗದ ಗಂಡಸರಿಗೆ ಮತ ಕೊಟ್ಟು, ದುಡಿಯುವವರಲ್ಲಿ ಬಹುತೇಕರನ್ನು ಹೊರಗೇ ಉಳಿಸಿತು. ಅದಕ್ಕೆ ಉತ್ತರವಾಗಿ 1838ರಲ್ಲಿ ಹೊರಬಂದ ಜನತಾ ಸನ್ನದು ವಯಸ್ಕ ಗಂಡಸರೆಲ್ಲರಿಗೂ ಮತ, ಗುಪ್ತ ಮತದಾನ, ಸದಸ್ಯರಿಗೆ ಸಂಬಳ ಸೇರಿದಂತೆ ಆರು ಬೇಡಿಕೆಗಳನ್ನು ಮುಂದಿಟ್ಟಿತು. 1842ರ ಮನವಿಗೆ 33 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಕಾಮನ್ಸ್ ಸಭೆ ಮನವಿದಾರರ ಮಾತು ಕೇಳುವುದಕ್ಕೂ ಒಪ್ಪಲಿಲ್ಲ. ಸಹಿ ಹಾಕಿದವರಲ್ಲಿ ಹೆಚ್ಚಿನವರಿಗೆ ಮತವಿರಲಿಲ್ಲವಾದ್ದರಿಂದ ಆ ಸಭೆಯಲ್ಲಿದ್ದವರಿಗೆ ಅವರಿಂದ ಯಾವ ಭಯವೂ ಇರಲಿಲ್ಲ.

1867ರಲ್ಲಿ ಪಟ್ಟಣಗಳ ಮನೆವಾಸಿ ಗಂಡಸರಿಗೆ ಮತ ಸಿಕ್ಕಿತು. ಮತದಾರರ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆದರೆ ಎಲ್ಲರೆದುರು ಹೆಸರು ಕೂಗಿ ಮತ ಹಾಕಬೇಕಿದ್ದ ಕಾಲ ಅದು. ಯಾರು ಯಾರ ಪರ ಎಂಬುದು ಮಾಲೀಕನಿಗೆ ಅಲ್ಲೇ ಗೊತ್ತಾಗುತ್ತಿತ್ತು. 1872ರ ಗುಪ್ತ ಮತದಾನ ಕಾಯ್ದೆ ಆ ಹೆದರಿಕೆಯನ್ನು ತಗ್ಗಿಸಿದರೂ ಮತಗಟ್ಟೆ ಸಂಜೆ ನಾಲ್ಕಕ್ಕೇ ಮುಚ್ಚುತ್ತಿತ್ತು. ಪಾಳಿ ಮುಗಿಸಿ ಬರುವಷ್ಟರಲ್ಲಿ ಚುನಾವಣೆಯೇ ಮುಗಿದಿರುತ್ತಿತ್ತು. ರಾತ್ರಿ ಎಂಟರವರೆಗೆ ಮತ ಹಾಕುವ ಅವಕಾಶ ದೇಶದೆಲ್ಲೆಡೆ ಬಂದದ್ದು 1885ರಲ್ಲಿ. ಹಕ್ಕು ಕಾಗದದ ಮೇಲೆ ಸಿಕ್ಕ ಮೇಲೂ ಕೆಲಸಗಾರನ ಕೈಗೆ ಎಟುಕಲು ಇಷ್ಟು ವರ್ಷ ಬೇಕಾಯಿತು ಎಂಬುದನ್ನು ಈ ಇತಿಹಾಸದಲ್ಲಿ ಮರೆಯುವಂತಿಲ್ಲ.

ಮತಕ್ಕಿದ್ದ ಬಲ ಸಂಘಗಳಿಗೆ ಮೊದಲು ಕಂಡದ್ದು 1874ರಲ್ಲಿ. ಅದಕ್ಕೆ ಮೂರು ವರ್ಷ ಹಿಂದೆ ಗ್ಲಾಡ್‌ಸ್ಟನ್ ಸರ್ಕಾರ ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ ಕೊಟ್ಟು, ಅದೇ ವೇಳೆ ಇನ್ನೊಂದು ಕಾಯ್ದೆಯ ಮೂಲಕ ಪಿಕೆಟಿಂಗನ್ನು, ಅಂದರೆ ಮುಷ್ಕರದ ವೇಳೆ ಕೆಲಸದ ಜಾಗದ ಬಾಗಿಲಲ್ಲಿ ಕಾವಲು ನಿಲ್ಲುವುದನ್ನು, ಅಪರಾಧವಾಗಿಸಿತ್ತು. ಸಂಘ ಕಟ್ಟಬಹುದು, ಕಟ್ಟಿದ್ದಕ್ಕೆ ಪ್ರಯೋಜನ ಮಾತ್ರ ಇರಕೂಡದು ಎಂಬಂಥ ಸ್ಥಿತಿ. ಕರಾರು ಮುರಿದ ಕೆಲಸಗಾರನನ್ನು ಜೈಲಿಗೆ ಕಳಿಸಿ, ಅದೇ ತಪ್ಪು ಮಾಡಿದ ಮಾಲೀಕನಿಂದ ಬರೀ ಪರಿಹಾರ ಕೇಳುವ ಹಳೆಯ ಕಾನೂನೂ ಜಾರಿಯಲ್ಲಿತ್ತು. ಚುನಾವಣೆ ಬಂದಾಗ ಸಂಘಗಳು ಈ ಕಾನೂನುಗಳ ಬಗ್ಗೆ ಹುರಿಯಾಳುಗಳಿಂದ ಉತ್ತರ ಕೇಳಿದವು. ಗಣಿ ಕಾರ್ಮಿಕ ಮುಖಂಡರಾದ ಥಾಮಸ್ ಬರ್ಟ್ ಮತ್ತು ಅಲೆಕ್ಸಾಂಡರ್ ಮ್ಯಾಕ್‌ಡೊನಾಲ್ಡ್ ಗೆದ್ದು ಕಾಮನ್ಸ್ ಸಭೆಗೆ ಬಂದರು. ಮುಂದಿನ ವರ್ಷವೇ ಡಿಸ್ರೇಲಿಯ ಕನ್ಸರ್ವೇಟಿವ್ ಸರ್ಕಾರ ಆ ಎರಡೂ ಕಾನೂನುಗಳನ್ನು ತೆಗೆದುಹಾಕಿತು. ಡಿಸ್ರೇಲಿ ಸಂಘಗಳ ಮನುಷ್ಯನಲ್ಲ. ಪಟ್ಟಣಗಳ ಹೊಸ ಮತದಾರರನ್ನು ಕಳೆದುಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ.

ಇದಾದ ಮೇಲೆ ಕಾಲು ಶತಮಾನ ಸಂಘಗಳು ತಮ್ಮ ನಿಧಿ ಸುರಕ್ಷಿತವೆಂದು ನಂಬಿ ಕೂತಿದ್ದವು. 1900ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಕಾರ್ಮಿಕ ಪ್ರಾತಿನಿಧ್ಯ ಸಮಿತಿ ಹುಟ್ಟಿದಾಗ ಅನೇಕ ದೊಡ್ಡ ಸಂಘಗಳು ದೂರವೇ ಉಳಿದವು. ಮನಸ್ಸು ಬದಲಾದದ್ದು ಒಂದು ರೈಲು ಕಂಪನಿಯಿಂದ. ಅದೇ ವರ್ಷದ ಆಗಸ್ಟ್‌ನಲ್ಲಿ ದಕ್ಷಿಣ ವೇಲ್ಸ್‌ನ ಟಾಫ್ ವೇಲ್ ರೈಲ್ವೆಯ ನೌಕರರು ಮುಷ್ಕರ ಹೂಡಿದರು. ಕಂಪನಿ ಹೊರಗಿನಿಂದ ಬದಲಿ ಕೆಲಸಗಾರರನ್ನು ಕರೆಸಿತು, ಜೊತೆಗೆ ರೈಲ್ವೆ ನೌಕರರ ಸಂಘದ ಮೇಲೆಯೇ ದಾವೆ ಹೂಡಿತು. ಮುಷ್ಕರ ಕೆಲವೇ ದಿನಗಳಲ್ಲಿ ರಾಜಿಯಾದರೂ ದಾವೆ ನಿಲ್ಲಲಿಲ್ಲ. 1901ರ ಜುಲೈನಲ್ಲಿ ಲಾರ್ಡ್ಸ್ ಸಭೆ ತೀರ್ಪು ಕೊಟ್ಟಿತು: ಪದಾಧಿಕಾರಿಗಳ ಕೃತ್ಯಕ್ಕೆ ಸಂಘವೇ ಹೊಣೆ, ನಷ್ಟವನ್ನು ಸಂಘದ ನಿಧಿಯಿಂದ ವಸೂಲು ಮಾಡಬಹುದು. ಸಂಘ 23,000 ಪೌಂಡ್ ಪರಿಹಾರ ತೆರಬೇಕಾಯಿತು. ವಕೀಲರ ಖರ್ಚು ಬೇರೆ.

ಆ ನಿಧಿ ಎಂದರೆ ಸದಸ್ಯರು ವಾರವಾರವೂ ಕೊಟ್ಟ ಚಂದಾ. ಕಾಯಿಲೆ, ಅಪಘಾತ, ಸಾವು, ನಿರುದ್ಯೋಗ ಎಲ್ಲಕ್ಕೂ ಮನೆಯವರ ಕೈಹಿಡಿಯುತ್ತಿದ್ದ ಹಣ ಅದೇ. ಇನ್ನು ಮುಂದೆ ಪ್ರತಿ ಮುಷ್ಕರದಲ್ಲೂ ಅದನ್ನು ಪಣಕ್ಕಿಡಬೇಕೆಂದು ತೀರ್ಪು ಹೇಳಿದಂತಾಯಿತು. ಲಾರ್ಡ್ಸ್ ಸಭೆಗಿಂತ ಮೇಲಿನ ನ್ಯಾಯಾಲಯ ಇರಲಿಲ್ಲ. ತೀರ್ಪನ್ನು ಅಳಿಸಬಲ್ಲದ್ದು ಹೊಸ ಕಾಯ್ದೆಯೊಂದೇ. 1901ರ ಆರಂಭದಲ್ಲಿ ಸುಮಾರು 3.75 ಲಕ್ಷವಿದ್ದ ಸಮಿತಿಯ ಸದಸ್ಯಬಲ 1903ರ ಹೊತ್ತಿಗೆ 8.6 ಲಕ್ಷಕ್ಕೆ ಏರಿತು. 1906ರ ಚುನಾವಣೆಯಲ್ಲಿ ಸಮಿತಿಯ 29 ಮಂದಿ ಗೆದ್ದರು. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇನ್ನೊಂದು ಸಂಗತಿ: ಗೆದ್ದ ಲಿಬರಲ್ ಸದಸ್ಯರಲ್ಲೂ ಅನೇಕರು ತಂತಮ್ಮ ಕ್ಷೇತ್ರದ ಸಂಘಗಳಿಗೆ ಮಾತು ಕೊಟ್ಟು ಬಂದಿದ್ದರು. ಸರ್ಕಾರ ಮೊದಲು ತಂದ ಮಸೂದೆ ಅರೆಮನಸ್ಸಿನದಾಗಿತ್ತು. ಕಾರ್ಮಿಕ ಸದಸ್ಯರು ತಮ್ಮದೇ ಮಸೂದೆ ಮಂಡಿಸಿದಾಗ ಪ್ರಧಾನಿ ಕ್ಯಾಂಬೆಲ್-ಬ್ಯಾನರ್‌ಮನ್ ಅದರ ತಿರುಳನ್ನು ಒಪ್ಪಿಕೊಂಡರು. ವರ್ಷ ಮುಗಿಯುವ ಮುನ್ನ ಕಾಯ್ದೆ ಬಂತು, ಸಂಘಗಳ ನಿಧಿಗೆ ರಕ್ಷಣೆ ಸಿಕ್ಕಿತು. ಮಾತು ಕೊಟ್ಟವರಿಗೆ ಅದನ್ನು ನೆನಪಿಸಲು ಕ್ಷೇತ್ರದಲ್ಲಿ ಮತದಾರರಿದ್ದುದೇ ಆ ವೇಗಕ್ಕೆ ಕಾರಣ.

1909ರಲ್ಲಿ ಓಸ್ಬೋರ್ನ್ ತೀರ್ಪು ಸಂಘದ ಹಣವನ್ನು ಚುನಾವಣೆಗೆ ಬಳಸಕೂಡದೆಂದಾಗಲೂ ಇದೇ ದಾರಿ ಹಿಡಿಯಬೇಕಾಯಿತು. 1911ರಿಂದ ಸಂಸದರಿಗೆ ವರ್ಷಕ್ಕೆ 400 ಪೌಂಡ್ ಸಂಬಳ ಬಂತು, 1913ರ ಕಾಯ್ದೆ ಪ್ರತ್ಯೇಕ ರಾಜಕೀಯ ನಿಧಿಗೆ ಅವಕಾಶ ಕೊಟ್ಟಿತು. ಇಷ್ಟಾದರೂ ಆಗ ಮತವಿದ್ದದ್ದು ವಯಸ್ಕ ಗಂಡಸರಲ್ಲಿ ಸುಮಾರು ಶೇಕಡಾ 60 ಮಂದಿಗೆ ಮಾತ್ರ. ಕೆಲಸ ಹುಡುಕಿಕೊಂಡು ಊರು ಬದಲಿಸುವವರ ಹೆಸರು ಪಟ್ಟಿಗೆ ಸೇರುವುದು ಕಷ್ಟವಿತ್ತು. ಗಿರಣಿಗಳಲ್ಲಿ ಗಂಡಸರ ಸಮಕ್ಕೆ ದುಡಿದ ಹೆಂಗಸರು 1918ರವರೆಗೆ ಕಾದರು; ಗಂಡಸರಂತೆ 21ನೇ ವಯಸ್ಸಿಗೇ ಮತ ಪಡೆದದ್ದು 1928ರಲ್ಲಿ.

ಟಾಫ್ ವೇಲ್‌ನಂಥದೇ ಪೆಟ್ಟು ಭಾರತದಲ್ಲಿ ಮದರಾಸಿಗೆ ಬಿತ್ತು. ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರು 1918ರ ಏಪ್ರಿಲ್‌ನಲ್ಲಿ ಬಿ.ಪಿ. ವಾಡಿಯಾ ಮುಂದಾಳ್ತನದಲ್ಲಿ ಮದರಾಸು ಕಾರ್ಮಿಕ ಸಂಘ ಕಟ್ಟಿದ್ದರು. ಈ ಗಿರಣಿಗಳನ್ನು ನಡೆಸುತ್ತಿದ್ದ ಬಿನ್ನಿ ಕಂಪನಿಯೇ ಬೆಂಗಳೂರಿನ ಬಿನ್ನಿ ಮಿಲ್ಲನ್ನೂ ನಡೆಸುತ್ತಿತ್ತು. 1920ರ ಲಾಕೌಟ್ ಸಮಯದಲ್ಲಿ ಕಂಪನಿ ಮದರಾಸು ಹೈಕೋರ್ಟಿಗೆ ಹೋಗಿ ವಾಡಿಯಾ ಮತ್ತಿತರರ ಮೇಲೆ ತಡೆಯಾಜ್ಞೆ ತಂದಿತು. ಕೊನೆಗೆ ವಾಡಿಯಾ ಸಂಘದಿಂದ ಹಿಂದೆ ಸರಿಯುವ ಷರತ್ತಿನ ಮೇಲೆ ವ್ಯಾಜ್ಯ ತೀರಿತು. 1921ರ ಮಾರ್ಚ್‌ನಲ್ಲಿ ಎನ್.ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ಸಂಘಗಳಿಗೆ ಕಾನೂನಿನ ರಕ್ಷಣೆ ಬೇಕೆಂದು ನಿರ್ಣಯ ಮಂಡಿಸಿದರು. ಕಾಯ್ದೆ ಬರಲು 1926ರವರೆಗೆ ಕಾಯಬೇಕಾಯಿತು. ಜೋಶಿ ಸರ್ಕಾರದಿಂದ ನಾಮಕರಣಗೊಂಡ ಸದಸ್ಯರು. ಅವರ ಬೆನ್ನಿಗೆ ಮತ ಹಾಕುವ ಕಾರ್ಮಿಕರು ಇರಲಿಲ್ಲ.

1935ರ ಭಾರತ ಸರ್ಕಾರ ಕಾಯ್ದೆ ಪ್ರಾಂತೀಯ ಸಭೆಗಳಲ್ಲಿ ಕಾರ್ಮಿಕರಿಗೆ ಒಟ್ಟು 38 ಸ್ಥಾನ ಮೀಸಲಿಟ್ಟಿತು. ಆಸ್ತಿ, ತೆರಿಗೆ, ವಿದ್ಯಾಭ್ಯಾಸಗಳ ಅರ್ಹತೆ ಉಳಿದೇ ಇತ್ತು. ಅಷ್ಟು ಕಡಿಮೆ ಬಲದಿಂದ ಏನಾಗುತ್ತದೆಂಬುದು ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಕಂಡಿತು. 1938ರ ಕೈಗಾರಿಕಾ ವಿವಾದ ಮಸೂದೆ ಮುಷ್ಕರದ ಹಕ್ಕಿಗೆ ಕಡಿವಾಣ ಹಾಕಿತು. ಅಂಬೇಡ್ಕರ್ ಮತ್ತು ಅವರ ಸ್ವತಂತ್ರ ಕಾರ್ಮಿಕ ಪಕ್ಷ ಸಭೆಯೊಳಗೆ ಅದನ್ನು ಬಲವಾಗಿ ವಿರೋಧಿಸಿದರು. ನವೆಂಬರ್ 7ರಂದು ಕಾರ್ಮಿಕರು ಮುಷ್ಕರ ಹೂಡಿ ಬೀದಿಗಿಳಿದರು. ಸಭೆಯಲ್ಲಿ ಬಹುಮತ ಸರ್ಕಾರದ ಕಡೆಗಿತ್ತು, ಮಸೂದೆ ಕಾನೂನಾಯಿತು.

ಸಂವಿಧಾನ ಬಂದ ಮೇಲೆ 1951-52ರ ಮೊದಲ ಮಹಾಚುನಾವಣೆಯಲ್ಲಿ ಗಂಡು ಹೆಣ್ಣೆನ್ನದೆ, ಆಸ್ತಿ ಅಕ್ಷರಗಳ ಲೆಕ್ಕವಿಲ್ಲದೆ 21 ತುಂಬಿದವರೆಲ್ಲ ಮತದಾರರಾದರು. ಬ್ರಿಟನ್ನಿನ ಕೆಲಸಗಾರರು ಹಂತಹಂತವಾಗಿ ಸುಮಾರು ನೂರು ವರ್ಷ ಹೋರಾಡಿ ಪಡೆದದ್ದು ಇಲ್ಲಿನ ಕೂಲಿಯವರಿಗೆ ಮೊದಲ ಚುನಾವಣೆಯಲ್ಲೇ ದಕ್ಕಿತು. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂಬ ನಿಯಮ ಮಾತ್ರ ತಡವಾಗಿ, 1996ರಲ್ಲಿ, ಜನಪ್ರಾತಿನಿಧ್ಯ ಕಾಯ್ದೆಯ 135-ಬಿ ಸೆಕ್ಷನ್ನಾಗಿ ಸೇರಿತು. ದಿನಗೂಲಿಯವರಿಗೂ ಅದು ಅನ್ವಯಿಸುತ್ತದೆ. ಮುರಿದ ಮಾಲೀಕನಿಗೆ ದಂಡ 500 ರೂಪಾಯಿವರೆಗೆ, ಅದು ತೀರಾ ಕಡಿಮೆ. ಊರಿನ ಪಟ್ಟಿಯಲ್ಲಿ ಹೆಸರಿದ್ದು ದೂರದ ರಾಜ್ಯದಲ್ಲಿ ಕಟ್ಟಡ ಕೆಲಸ ಮಾಡುವವರಿಗೆ ಒಂದು ದಿನದ ರಜೆ ಸಾಲದು. ಅಂಥವರು ದುಡಿಯುವ ಊರಿನಿಂದಲೇ ಮತ ಹಾಕಲು ಚುನಾವಣಾ ಆಯೋಗ 2022ರ ಡಿಸೆಂಬರ್‌ನಲ್ಲಿ ಹೊಸ ಮತಯಂತ್ರವೊಂದನ್ನು ಪ್ರಸ್ತಾಪಿಸಿತು. ಅನೇಕ ಪಕ್ಷಗಳು ಆಕ್ಷೇಪಿಸಿದವು. 2024ರ ಲೋಕಸಭಾ ಚುನಾವಣೆಯಲ್ಲಿ ಅದು ಬಳಕೆಗೆ ಬರಲಿಲ್ಲ.