ಶ್ರೀರಂಗಪಟ್ಟಣದ ಸಂಧಾನ, 1779: ಅನುಕ್ರಮ ಭಾಷಾಂತರದ ಒಂದು ಪೂರ್ವರೂಪ

ವಕ್ತಾರನು ಮಾತು ನಿಲ್ಲಿಸಿದ ಮೇಲೆ ದುಭಾಷಿಯು ಅದನ್ನು ಇನ್ನೊಂದು ಭಾಷೆಯಲ್ಲಿ ಹೇಳುವ ಕ್ರಮವೇ ಅನುಕ್ರಮ ಭಾಷಾಂತರ. ಅದರ ಚರಿತ್ರೆಯನ್ನು 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಿಂದ, ಅಲ್ಲಿ ಪಾಲ್ ಮಾಂತೂ ನಿರ್ವಹಿಸಿದ ಕಾರ್ಯದಿಂದ ಆರಂಭಿಸುವ ವಾಡಿಕೆಯಿದೆ. ಆದರೆ ಈ ವೃತ್ತಿಯ ಮೂಲ ತೊಡಕುಗಳು ಮೈಸೂರು ಸೀಮೆಯಲ್ಲಿ ಅದಕ್ಕೂ 140 ವರ್ಷ ಮೊದಲೇ ಸ್ಪಷ್ಟವಾಗಿ ಕಾಣಿಸಿಕೊಂಡಿದ್ದವು.

1779ರಲ್ಲಿ ಮದರಾಸಿನ ಗವರ್ನರ್ ಥಾಮಸ್ ರಂಬೋಲ್ಡ್, ಹೈದರಾಲಿಯ ಇಂಗಿತವನ್ನು ಅರಿಯಲು ಜರ್ಮನ್ ಪಾದ್ರಿ ಶ್ವಾರ್ಟ್ಸ್‌ನನ್ನು ಶ್ರೀರಂಗಪಟ್ಟಣಕ್ಕೆ ಕಳುಹಿಸಿದನು. ಶ್ವಾರ್ಟ್ಸ್ ತಮಿಳು, ಹಿಂದೂಸ್ಥಾನಿ, ಪಾರಸಿ ಬಲ್ಲವನು. ರಾಯಭಾರಿಯೂ ತಾನೇ, ದುಭಾಷಿಯೂ ತಾನೇ. ಆ ಕಾಲದ ಮದರಾಸಿನ ದುಭಾಷಿಗಳು ದಲ್ಲಾಳಿಗಳೂ ಆಗಿದ್ದರೆಂಬುದನ್ನು ನೆನೆದರೆ ಈ ಆಯ್ಕೆಯ ಬೆಲೆ ತಿಳಿಯುತ್ತದೆ. ಲಾಭದಲ್ಲಿ ಪಾಲುಳ್ಳವನ ಬಾಯಿಂದ ಬಂದ ಮಾತು ಯಾರದೆಂದು ಇಬ್ಬರೂ ಶಂಕಿಸಬೇಕಾಗುತ್ತಿತ್ತು.

ಹೈದರನಿಗೆ ಓದುಬರಹ ಬಾರದು. ಶ್ವಾರ್ಟ್ಸ್ ಬರೆದಿಟ್ಟ ವೃತ್ತಾಂತದಂತೆ, ಅವನು ಪತ್ರದ ಒಕ್ಕಣೆಯನ್ನು ಒಬ್ಬನಿಗೆ ಹೇಳಿ ಬರೆಸಿ ಓದಿಸುವನು. ಬಳಿಕ ಮತ್ತೊಬ್ಬನನ್ನು ಕರೆಸಿ ಅದನ್ನೇ ಓದಿಸುವನು. ಹೇಳಿದ್ದಕ್ಕೂ ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಬರೆದವನ ತಲೆಗೇ ಸಂಚಕಾರ. ಇದನ್ನು ಬರಿಯ ಕ್ರೌರ್ಯವೆಂದು ಓದಿ ಮುಗಿಸುವುದು ಸುಲಭ. ಕಿವಿಯನ್ನೇ ನೆಚ್ಚಿದ ಆಡಳಿತಗಾರನು ಮಾತಿನ ನಿಷ್ಠೆಯನ್ನು ಅಳೆಯಲು ಕಂಡುಕೊಂಡ ಪರೀಕ್ಷಾಕ್ರಮ ಇದು ಎಂಬುದು ನನ್ನ ಅಭಿಪ್ರಾಯ.

ಸಂಧಾನದ ಕೊನೆಗೆ ಹೈದರನು ಒಂದು ಪತ್ರವನ್ನು ಶ್ವಾರ್ಟ್ಸ್‌ನೆದುರು ಓದಿಸಿದನು. ತಾವಿಬ್ಬರೂ ಆಡಿದ್ದು ಅದರಲ್ಲಿ ಸಂಕ್ಷೇಪವಾಗಿದೆ, ಉಳಿದುದನ್ನು ಆತನೇ ವಿಸ್ತರಿಸಿ ತಿಳಿಸಬೇಕೆಂದನು. ಇಲ್ಲಿ ಪತ್ರವೆಂಬುದು ನೆನಪಿಗೊಂದು ಗೂಟ. ಟಿಪ್ಪಣಿಯಲ್ಲಿ ಪದಗಳನ್ನಲ್ಲ, ವಿಚಾರವನ್ನು ಹಿಡಿಯಬೇಕೆಂದು 1956ರಲ್ಲಿ ರೋಜಾನ್ ಅನುಕ್ರಮ ಭಾಷಾಂತರಕಾರರಿಗೆ ಬೋಧಿಸಿದ್ದೂ ಈ ಬಗೆಯ ಹಂಚಿಕೆಯನ್ನೇ. ಒಂದು ಭೇದವಿದೆ: ಇಂದಿನ ದುಭಾಷಿಗೆ ವಿಸ್ತರಿಸುವ ಅಧಿಕಾರವಿಲ್ಲ. ಶ್ವಾರ್ಟ್ಸ್‌ನಿಗೆ ಅದು ದೊರೆಯಿತು, ಆದರೆ ಎಲ್ಲೆಯೊಂದಿಗೆ. ಅವನು ಹೇಳುವುದನ್ನು ಮದರಾಸಿನವರು ಪತ್ರದೊಡನೆ ತಾಳೆ ನೋಡಬಹುದಾಗಿತ್ತು.

ಸಂಧಾನ ಫಲಿಸಲಿಲ್ಲ. ಭಾಷಾಂತರದ ದೋಷದಿಂದಲ್ಲ: 1769ರ ಒಪ್ಪಂದದ ನೆರವನ್ನು ಕಂಪನಿ ಕೊಟ್ಟಿರಲಿಲ್ಲ, ಮಾಹೆಯನ್ನೂ ವಶಪಡಿಸಿಕೊಂಡಿತ್ತು. 1780ರಲ್ಲಿ ಹೈದರನ ಸೈನ್ಯ ಘಟ್ಟವಿಳಿಯಿತು. ಆ ಯುದ್ಧದ ನಡುವೆಯೂ ಶ್ವಾರ್ಟ್ಸ್‌ನ ಓಡಾಟಕ್ಕೆ ಯಾರೂ ಅಡ್ಡಿಮಾಡಕೂಡದೆಂದು ಹೈದರನು ತನ್ನ ಅಧಿಕಾರಿಗಳಿಗೆ ಆಜ್ಞೆ ಮಾಡಿದ್ದನು.