ಗುಂಡಿನ ಗಾತ್ರ: ಕೊಡಗಿನ ಕೋವಿಯಿಂದ ಟೂಂಗಾಬಿಯ ರಿವಾಲ್ವರ್‌ವರೆಗೆ

ಕಳೆದ ವರ್ಷ ರಂಜಾನ್ ತಿಂಗಳ ಒಂದು ರಾತ್ರಿ ಡ್ಯೂಟಿ ಮುಗಿಸಿ ರೂಮಿಗೆ ಬಂದು ಊಟಕ್ಕೆ ಕೂತಿದ್ದೆ. ಸಿಡ್ನಿಯಿಂದ ಅತ್ತಿಗೆಯ ಫೋನ್ ಬಂತು. ಅಲ್ಲಿ ಆಗಲೇ ಬೆಳಗಿನ ಜಾವ. ಅಷ್ಟು ಹೊತ್ತಿಗೆ ಎದ್ದು ಫೋನ್ ಮಾಡಿದ್ದಾರೆಂದರೆ ಏನೋ ಆಗಿದೆ ಅಂತ ಎದೆ ಧಸಕ್ಕೆಂದಿತು. "ನಿಮ್ಮ ಮಗನಿಗೆ ನೀವೇ ಬುದ್ಧಿ ಹೇಳಿ. ಶೂಟಿಂಗ್ ಕ್ಲಬ್ ಸೇರಿದ್ದಾನೆ. ರಿವಾಲ್ವರ್ ಕೊಳ್ಳಬೇಕಂತೆ, ಅದೂ ದೊಡ್ಡ ಬೋರಿನದ್ದು" ಎಂದರು. ಅಣ್ಣನ ಮಗ ತಪ್ಪು ಮಾಡಿದರೆ ಅವನು ನನ್ನ ಮಗ ಆಗುವುದು ನಮ್ಮ ಮನೆಯಲ್ಲಿ ಹಳೆಯ ಪದ್ಧತಿ.

ಅಣ್ಣನ ಸಂಸಾರ ಇರುವುದು ಪಶ್ಚಿಮ ಸಿಡ್ನಿಯ ಟೂಂಗಾಬಿಯಲ್ಲಿ. ಹುಡುಗನಿಗೆ ಇಪ್ಪತ್ನಾಲ್ಕು. ಲೈನಿಗೆ ಬಂದವನೇ ಕೇಳಿದ: "ಚಿಕ್ಕಪ್ಪ, ತಾತ ಹೇಳುತ್ತಿದ್ದರಲ್ಲ, ಬರ್ಮಾದಲ್ಲಿ ಸಾಹೇಬರ ಸೊಂಟದಲ್ಲಿದ್ದ ವೆಬ್ಲಿ, ಅಂಥದ್ದೇ ಒಂದು ಸಿಕ್ಕರೆ ತಗೊಳ್ಳಲಾ? ಗುರಿಗೂ ಆಗುತ್ತೆ, ನೆನಪಿಗೂ ಇರುತ್ತೆ." ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದೆ. ಆ ಯೋಚನೆ ಬೆಳೆದು ಈ ಲೇಖನವಾಗಿದೆ.

ನಮ್ಮ ಕಡೆಯ ಕೋವಿ

ನಮ್ಮ ಊರು ಸೋಮವಾರಪೇಟೆಯ ಕಡೆ. ಕೊಡಗಿನಲ್ಲಿ ಕೋವಿ ಎಂದರೆ ಬರೀ ಆಯುಧವಲ್ಲ ಎಂಬುದು ಎಲ್ಲರಿಗೂ ಗೊತ್ತು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವುದು ಕೊಡವರ ಸಂಪ್ರದಾಯ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡಿನ ಸದ್ದು ಕೇಳಬೇಕು. ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತದಲ್ಲಿ ಕೋವಿಯನ್ನು ತೊಳೆದು, ಒರೆಸಿ, ತೋಕ್ ಪೂ ಸಿಕ್ಕಿಸಿ ಪೂಜೆಗೆ ಇಡುತ್ತಾರೆ. ತೋಕ್ ಎಂದರೆ ಕೋವಿ, ಪೂ ಎಂದರೆ ಹೂ. ಪೂಜೆಯ ನಂತರ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಸ್ಪರ್ಧೆ. ನಮ್ಮ ನಾಡಿನ ಅತಿ ಹಳೆಯ ಟಾರ್ಗೆಟ್ ಶೂಟಿಂಗ್ ಇದೇ ಎಂದರೆ ತಪ್ಪಾಗಲಾರದು.

1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1857ರ ದಂಗೆಯ ನಂತರ ಇಡೀ ದೇಶದ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂತು. ಆದರೆ 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಅದರಿಂದ ವಿನಾಯಿತಿ ಕೊಟ್ಟರು. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಬಂದಿರುವುದು ಅವರಿಂದಲೇ. ಆ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಉಳಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿ ಹೋದವರ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ.

ಈ ವಿನಾಯಿತಿಯಲ್ಲಿ ಒಂದು ಸೂಕ್ಷ್ಮವಿದೆ. ಜಿಲ್ಲೆಯ ಹೊರಗೆ ಒಯ್ಯಲು ಹಳೆಯ ನಿಯಮ ಬಿಡುವುದು ಒಂದು ರೈಫಲ್ಲಿಗೆ ನೂರು ತೋಟ, ಒಂದು ಸಾದಾ ನಳಿಗೆಯ ಕೋವಿಗೆ ಐನೂರು ತೋಟ, ಅಷ್ಟೇ. ಆ ಸಾಲಿನಲ್ಲಿ ರಿವಾಲ್ವರ್ ಇಲ್ಲ. ಕೋವಿ ಗದ್ದೆಯದ್ದು, ಕಾಡಿನದ್ದು, ಹಬ್ಬದ್ದು. ರಿವಾಲ್ವರ್ ಸೊಂಟದಲ್ಲಿ ಮರೆಯಾಗಿ ಕೂರುವಂಥದ್ದು. ಸರ್ಕಾರಗಳಿಗೆ ಅದರ ಮೇಲೆ ಅನುಮಾನ ಮೊದಲಿನಿಂದಲೂ ಇದೆ.

ಆರು ಗುಂಡಿನ ಕಥೆ

ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರ್‌ಗೆ ಅಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. ಅದಕ್ಕೂ ಮುಂಚೆ ಒಂದು ಗುಂಡು ಹಾರಿಸಿದರೆ ಮತ್ತೆ ಮದ್ದು ತುಂಬಿ, ಗುಂಡು ಹಾಕಿ, ಗಜದಿಂದ ಗಿಡಿಯಬೇಕಿತ್ತು. 1847ರಲ್ಲಿ ಬಂದ ಕೋಲ್ಟ್ ವಾಕರ್ .44 ಬೋರಿನದ್ದು, ಅದರ ತೂಕ ಸುಮಾರು ಎರಡು ಕೆ.ಜಿ. ಕುದುರೆಯ ಜೀನಿಗೆ ಕಟ್ಟಿಕೊಳ್ಳಬೇಕೇ ಹೊರತು ಸೊಂಟಕ್ಕಲ್ಲ.

ತಾತ ಹೇಳುತ್ತಿದ್ದ ವೆಬ್ಲಿಯನ್ನು ಬ್ರಿಟಿಷ್ ಸೇನೆ ಒಪ್ಪಿಕೊಂಡದ್ದು 1887ರಲ್ಲಿ. ನಳಿಗೆಯನ್ನು ಕೆಳಗೆ ಬಾಗಿಸಿದರೆ ಸಿಲಿಂಡರ್ ತೆರೆದು ಖಾಲಿ ತೋಟಗಳೆಲ್ಲ ಒಟ್ಟಿಗೆ ಹೊರಗೆ ಬೀಳುತ್ತಿದ್ದವು. ನಂತರದ ಮಾದರಿಗಳ ಬೋರ್ .455, ಅಂದರೆ ಸುಮಾರು 11.6 ಮಿ.ಮೀ. ಅಷ್ಟು ದೊಡ್ಡ ಗುಂಡು ಯಾಕೆ? ವಸಾಹತುಗಳ ಯುದ್ಧದಲ್ಲಿ ಎದುರು ನುಗ್ಗಿ ಬರುವವನನ್ನು ಒಂದೇ ಏಟಿಗೆ ನಿಲ್ಲಿಸಬೇಕು ಎಂಬ ಲೆಕ್ಕ. ಎದುರು ನುಗ್ಗುತ್ತಿದ್ದವರು ಯಾರು ಎಂದು ನಾವು ಕೇಳಿಕೊಳ್ಳಬೇಕು. ನಮ್ಮಂಥವರೇ. 1898ರಲ್ಲಿ ಇದೇ ವೆಬ್ಲಿಗೆಂದು ತಲೆ ಟೊಳ್ಳಾದ ಒಂದು ಗುಂಡನ್ನು ತಂದರು. ಅದರ ಅಡ್ಡಹೆಸರೇ 'ಮ್ಯಾನ್‌ಸ್ಟಾಪರ್'. ಕೋಲ್ಕತ್ತಾ ಹತ್ತಿರದ ದಮ್‌ದಮ್ ಕಾರ್ಖಾನೆಯ ರೈಫಲ್ ಗುಂಡು ಆಗಲೇ ಕುಖ್ಯಾತವಾಗಿತ್ತು. ದೇಹದೊಳಗೆ ಅರಳುವ ಗುಂಡು ಬೇಡ ಎಂದು 1899ರ ಹೇಗ್ ಘೋಷಣೆ ಹೇಳಿದ ಮೇಲೆ ಮ್ಯಾನ್‌ಸ್ಟಾಪರ್ ಕೂಡ ಹಿಂದಕ್ಕೆ ಸರಿಯಿತು.

1932ರ ಹೊತ್ತಿಗೆ ಬ್ರಿಟಿಷ್ ಸೇನೆಯೇ ದೊಡ್ಡ ಬೋರ್ ಬಿಟ್ಟು .38ರ ಎನ್‌ಫೀಲ್ಡ್ ರಿವಾಲ್ವರಿಗೆ ಬಂತು. ದೊಡ್ಡ ರಿವಾಲ್ವರಿನಲ್ಲಿ ಗುರಿ ಕಲಿಸುವುದೇ ಕಷ್ಟವಾಗಿದ್ದದ್ದು ಒಂದು ಮುಖ್ಯ ಕಾರಣ. ಕಡಿಮೆ ತರಬೇತಿಯ ಸಿಪಾಯಿಗೆ ಸಣ್ಣದೇ ಸರಿ ಎಂದು ಅವರಿಗೂ ಅರ್ಥವಾಗಿತ್ತು.

ಭಾರತದಲ್ಲಿ ಸೇನೆಯ ತೋಟ ಹಿಡಿಸುವ ಕೈಬಂದೂಕು ಸಾಮಾನ್ಯ ನಾಗರಿಕನಿಗೆ ಸಿಗುವುದಿಲ್ಲ. ಅದು 'ನಿಷೇಧಿತ ಬೋರ್'. ಹಾಗಾಗಿ ಲೈಸೆನ್ಸ್ ಇರುವವರು ಕೊಳ್ಳುವುದು ಹೆಚ್ಚಾಗಿ .32. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ 'ನಿರ್ಭೀಕ್' ಎಂಬ ಹಗುರ ರಿವಾಲ್ವರ್ ತಂದಾಗಲೂ ಬೋರ್ .32 ಆಗಿತ್ತು, ತೂಕ ಸುಮಾರು ಅರ್ಧ ಕೆ.ಜಿ.

ಟೂಂಗಾಬಿಯ ಮಣ್ಣು

ಇನ್ನು ಹುಡುಗನ ಊರಿಗೆ ಬರೋಣ. ಟೂಂಗಾಬಿ ಎಂಬುದು ಅಲ್ಲಿನ ಮೂಲನಿವಾಸಿ ದಾರುಗ್ ಜನರ ಭಾಷೆಯ ಮಾತು. ನೀರಿನ ಹತ್ತಿರದ ಜಾಗ ಎಂದು ಅರ್ಥ ಹೇಳುತ್ತಾರೆ. 1791ರಲ್ಲಿ ಬ್ರಿಟಿಷರು ಅಲ್ಲಿ ಸರ್ಕಾರಿ ಹೊಲ ಮಾಡಿ, ಇಂಗ್ಲೆಂಡಿನಿಂದ ಗಡೀಪಾರಾಗಿ ಬಂದ ಕೈದಿಗಳನ್ನು ದುಡಿಸಿದರು. 1797ರಲ್ಲಿ ಪೆಮುಲ್ವುಯ್ ಎಂಬ ಮೂಲನಿವಾಸಿ ನಾಯಕ ತನ್ನ ಜನರೊಂದಿಗೆ ಈ ಹೊಲದ ಮೇಲೆ ದಾಳಿ ಮಾಡಿದ. ಬೆನ್ನಟ್ಟಿದವರ ಜೊತೆ ಪ್ಯಾರಮಟ್ಟದಲ್ಲಿ ಕಾದಾಡಿದಾಗ ಅವನಿಗೆ ಏಳು ಚರೆ ಬಿದ್ದವು. ಹಾಗಿದ್ದರೂ ಬದುಕಿ ತಪ್ಪಿಸಿಕೊಂಡ. 1802ರಲ್ಲಿ ಗುಂಡಿಗೇ ಬಲಿಯಾದ. 1804ರ ಮಾರ್ಚ್‌ನಲ್ಲಿ ಐರಿಷ್ ಕೈದಿಗಳು ಬಂಡೆದ್ದು ಟೂಂಗಾಬಿಯ ಪಕ್ಕದ ಕಾನ್‌ಸ್ಟಿಟ್ಯೂಶನ್ ಹಿಲ್‌ನಲ್ಲಿ ಸೇರಿದರು. ಮೇಜರ್ ಜಾರ್ಜ್ ಜಾನ್‌ಸ್ಟನ್‌ನ ಸಿಪಾಯಿಗಳು ಅವರನ್ನು ಹೊಡೆದು ಚದುರಿಸಿದರು. ನಮ್ಮ ಜನ ಇಂದು ಇಡ್ಲಿ ಹಿಟ್ಟು ಕೊಳ್ಳಲು ಹೋಗುವ ದಾರಿಗಳಲ್ಲಿ ಇಷ್ಟೆಲ್ಲ ಆಗಿದೆ.

ಆದರೆ ಹುಡುಗನಿಗೆ ಮುಖ್ಯವಾದ ಇತಿಹಾಸ ತೀರ ಹತ್ತಿರದ್ದು. 1996ರ ಏಪ್ರಿಲ್ 28ರಂದು ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ. ಪ್ರಧಾನಿ ಜಾನ್ ಹೋವರ್ಡ್ ಎರಡೇ ವಾರದಲ್ಲಿ ಎಲ್ಲ ರಾಜ್ಯಗಳನ್ನು ಕೂರಿಸಿ ಒಪ್ಪಂದ ಮಾಡಿಸಿದರು. ಸರ್ಕಾರ ಹಣ ಕೊಟ್ಟು ಸುಮಾರು 6.5 ಲಕ್ಷ ಬಂದೂಕುಗಳನ್ನು ವಾಪಸ್ ಪಡೆದು ನಾಶ ಮಾಡಿತು. ಆತ್ಮರಕ್ಷಣೆಗೆ ಬೇಕು ಎಂದರೆ ಅಲ್ಲಿ ಲೈಸೆನ್ಸ್ ಇಲ್ಲ. ಕ್ರೀಡೆ, ಕೃಷಿ, ಸಂಗ್ರಹ ಮುಂತಾದ ಸರಿಯಾದ ಕಾರಣವನ್ನು ತೋರಿಸಬೇಕು.

ಕೈಬಂದೂಕಿನ ನಿಯಮ ಬಿಗಿಯಾದದ್ದು ಮೆಲ್ಬರ್ನ್‌ನಿಂದ. 2002ರ ಅಕ್ಟೋಬರ್ 21ರಂದು ಮೊನಾಶ್ ವಿಶ್ವವಿದ್ಯಾಲಯದ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಸಹಪಾಠಿಗಳ ಮೇಲೆ ಗುಂಡು ಹಾರಿಸಿದ. ಇಬ್ಬರು ಸತ್ತರು, ಐವರಿಗೆ ಗಾಯವಾಯಿತು. ಅವನ ಬಳಿ ಇದ್ದ ಕೈಬಂದೂಕುಗಳು ಕದ್ದವಲ್ಲ; ಕ್ರೀಡೆಯ ಹೆಸರಿನಲ್ಲಿ ಲೈಸೆನ್ಸ್ ಪಡೆದು ಕೊಂಡವು. ಅತ್ತಿಗೆಯ ಭಯಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅದೇ ವರ್ಷ ಹೊಸ ಒಪ್ಪಂದವಾಯಿತು. ಗುರಿ ಹೊಡೆಯುವವರಿಗೆ ಗರಿಷ್ಠ ಬೋರ್ .38, ಲೋಹದ ಆಕೃತಿಗಳಿಗೆ ಹೊಡೆಯುವಂಥ ಕೆಲವೇ ವಿಶೇಷ ಸ್ಪರ್ಧೆಗಳಿಗೆ ಮಾತ್ರ.45ರವರೆಗೆ. ರಿವಾಲ್ವರಿನ ನಳಿಗೆ 100 ಮಿ.ಮೀ.ಗಿಂತ ಗಿಡ್ಡ ಇರಬಾರದು, ಜೇಬಿನಲ್ಲಿ ಬಚ್ಚಿಡುವಂತಿರಬಾರದು. ಒಮ್ಮೆಗೆ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಸಬಾರದು. ಹೊಸಬನಿಗೆ ಮೊದಲ ಆರು ತಿಂಗಳು ಸ್ವಂತ ಬಂದೂಕೇ ಇಲ್ಲ, ಕ್ಲಬ್ಬಿನದ್ದರಲ್ಲಿ ಕಲಿಯಬೇಕು. ಆಮೇಲೂ ಹಂತ ಹಂತವಾಗಿಯೇ. ವರ್ಷಕ್ಕೆ ಇಷ್ಟು ಸಲ ಎಂದು ಸ್ಪರ್ಧೆಗೆ ಹಾಜರಾಗದಿದ್ದರೆ ಲೈಸೆನ್ಸೇ ಉಳಿಯುವುದಿಲ್ಲ. 2003ರಲ್ಲಿ ಮತ್ತೆ ಸುಮಾರು 70 ಸಾವಿರ ಕೈಬಂದೂಕುಗಳನ್ನು ಸರ್ಕಾರ ವಾಪಸ್ ಕೊಂಡಿತು.

ಅಂದರೆ ಹುಡುಗನ ಆಸೆಯ .455 ವೆಬ್ಲಿ ಸಾಮಾನ್ಯ ಟಾರ್ಗೆಟ್ ಲೈಸೆನ್ಸಿನಲ್ಲಿ ಬರುವುದೇ ಇಲ್ಲ.

ಗುರಿಗೆ ಯಾವುದು ಸರಿ?

ಕಾನೂನನ್ನು ಬದಿಗಿಟ್ಟು ಲೆಕ್ಕ ನೋಡೋಣ. .38 ಸ್ಪೆಷಲ್ ತೋಟದ ಗುಂಡು ಸುಮಾರು ಹತ್ತು ಗ್ರಾಂ. ಅದರ ಶಕ್ತಿ ಒಂದು ಎಂದಿಟ್ಟುಕೊಂಡರೆ, 1950ರ ದಶಕದಲ್ಲಿ ಬಂದ .44 ಮ್ಯಾಗ್ನಮ್ ತೋಟದ ಶಕ್ತಿ ನಾಲ್ಕೈದು ಪಟ್ಟು. ಅದರ ಒದೆತ ಹಾರಿಸುವವನ ಮಣಿಕಟ್ಟಿಗೆ ಬೀಳುತ್ತದೆ. ಎರಡು ಮೂರು ಗುಂಡಾದ ಮೇಲೆ ಒದೆತ ಬರುವ ಮೊದಲೇ ಕೈ ತಾನಾಗಿ ಅದುರುತ್ತದೆ, ಕಣ್ಣು ಮುಚ್ಚುತ್ತದೆ. ಗುರಿ ತಪ್ಪುವುದು ಅಲ್ಲೇ. ನಮ್ಮ ಸಂಘದಲ್ಲಿ ಸೇನೆಯಿಂದ ನಿವೃತ್ತರಾಗಿ ಇಲ್ಲಿ ಸೆಕ್ಯುರಿಟಿ ಕೆಲಸದಲ್ಲಿರುವ ಅಣ್ಣಂದಿರನ್ನು ಕೇಳಿ, ಇದನ್ನೇ ಹೇಳುತ್ತಾರೆ.

25 ಮೀಟರ್ ನಿಖರತೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 50 ಮಿ.ಮೀ. ಮಾತ್ರ. ಅಂತರರಾಷ್ಟ್ರೀಯ ಸೆಂಟರ್ ಫೈರ್ ಸ್ಪರ್ಧೆಯಲ್ಲಿ ಬೋರ್ 7.62ರಿಂದ 9.65 ಮಿ.ಮೀ. ಒಳಗೆ ಇರಬೇಕು, ಅಂದರೆ .30ರಿಂದ .38. ಈ ಸ್ಪರ್ಧೆಗಳಲ್ಲಿ ಬಹಳ ಜನ ನೆಚ್ಚಿಕೊಳ್ಳುವ ತೋಟ .32 ಎಸ್ ಆಂಡ್ ಡಬ್ಲ್ಯು ಲಾಂಗ್. ನಮ್ಮ ಕಾನ್ಪುರದ ರಿವಾಲ್ವರಿಗೆ ಹಾಕುವುದೂ ಅದನ್ನೇ. ಊರಲ್ಲಿ ನಾವು ಸಣ್ಣದೆಂದು ಮೂಗು ಮುರಿಯುವ ತೋಟ ಕ್ರೀಡೆಯಲ್ಲಿ ದೊಡ್ಡವರ ತೋಟ.

ಗಲ್ಫಿನ ಹಳಬರಿಗೆ 2006ರ ದೋಹಾ ಏಷ್ಯನ್ ಗೇಮ್ಸ್ ನೆನಪಿರಬಹುದು. ಅಲ್ಲಿ ಜಸ್ಪಾಲ್ ರಾಣಾ ಸೆಂಟರ್ ಫೈರ್ ಪಿಸ್ತೂಲಿನಲ್ಲಿ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದರು. ಅದೇ ವರ್ಷ ಮೆಲ್ಬರ್ನ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಸಮರೇಶ್ ಜಂಗ್ ಐದು ಚಿನ್ನ ಗೆದ್ದು, ಆ ಕೂಟದ ಶ್ರೇಷ್ಠ ಕ್ರೀಡಾಪಟು ಪ್ರಶಸ್ತಿ ಪಡೆದರು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ಊರಿಗೆ ಮರಳಿ, ಪಿಸ್ತೂಲ್ ಹಿಡಿದು 2016ರ ರಿಯೊ ಒಲಿಂಪಿಕ್ಸ್‌ಗೆ ಹೋದರು. ಪರದೇಶದಲ್ಲಿ ದುಡಿಯುವವರಿಗೆ ಇಂಥ ಆಸೆ ಸಲ್ಲದು ಎಂದು ಯಾರೂ ಹೇಳಲಾಗದು.

ಸಂಗ್ರಹದ ಮಾತು

ಸಂಗ್ರಹಕಾರನ ಲೆಕ್ಕ ಬೇರೆ. ಅವನಿಗೆ ಬೇಕಾದದ್ದು ಹಾರುವ ಗುಂಡಲ್ಲ, ಅದರ ಹಿಂದಿನ ಕಥೆ. ಯಾವ ಕಾರ್ಖಾನೆ, ಯಾವ ವರ್ಷ, ಯಾವ ಪಡೆಯ ಮುದ್ರೆ, ನಳಿಗೆಯ ಮೇಲಿನ ನಂಬರೂ ಸಿಲಿಂಡರಿನ ನಂಬರೂ ಒಂದೆಯೇ, ಮೇಲೆ ಹೊಸ ಪಾಲಿಶ್ ಹೊಡೆದು ಹಳೆಯ ಗುರುತು ಅಳಿಸಿದ್ದಾರೆಯೇ ಎಂದು ನೋಡುತ್ತಾನೆ. ಆಸ್ಟ್ರೇಲಿಯಾದಲ್ಲಿ ಸಂಗ್ರಹಕ್ಕೆ ಬೇರೆ ಲೈಸೆನ್ಸ್ ಇದೆ. 1946ರ ನಂತರ ತಯಾರಾದ ಕೈಬಂದೂಕಿಗೆ ನಿಯಮ ಇನ್ನೂ ಬಿಗಿ. ಸಂಗ್ರಹದಲ್ಲಿಟ್ಟದ್ದನ್ನು ಕ್ಲಬ್ಬಿಗೆ ಒಯ್ದು ಹಾರಿಸುವಂತಿಲ್ಲ. ಗುರಿ ಮತ್ತು ನೆನಪು ಎರಡನ್ನೂ ಒಂದೇ ರಿವಾಲ್ವರಿನಲ್ಲಿ ಸಾಧಿಸುವ ಹುಡುಗನ ಯೋಚನೆ ಅಲ್ಲಿಗೆ ಮುರಿಯಿತು.

ಆದರೆ ನೋಡಲು ಲೈಸೆನ್ಸ್ ಬೇಕಿಲ್ಲ. ಸಿಡ್ನಿಯ ಪಶ್ಚಿಮಕ್ಕೆ ಬೆಟ್ಟ ದಾಟಿದರೆ ಲಿತ್‌ಗೋ ಊರಿನಲ್ಲಿ 1912ರಲ್ಲಿ ಶುರುವಾದ ಬಂದೂಕು ಕಾರ್ಖಾನೆಯ ಮ್ಯೂಸಿಯಂ ಇದೆ. ಕೈಬಂದೂಕುಗಳ ದೊಡ್ಡ ಸಂಗ್ರಹವೇ ಅಲ್ಲಿದೆ. ಮೆಲ್ಬರ್ನ್‌ಗೆ ಹೋದವರು ಸ್ಟೇಟ್ ಲೈಬ್ರರಿಯಲ್ಲಿ ನೆಡ್ ಕೆಲ್ಲಿಯ ಕಬ್ಬಿಣದ ಕವಚ ನೋಡಬಹುದು. 1880ರಲ್ಲಿ ಪೊಲೀಸರ ಗುಂಡು ಬಿದ್ದ ಗುರುತು ಅದರ ಮೇಲಿದೆ. ಕವಚ ಎದೆ ಕಾಯಿತು, ಕಾಲು ಕಾಯಲಿಲ್ಲ. ಅದೇ ವರ್ಷ ಅವನನ್ನು ಮೆಲ್ಬರ್ನ್‌ನಲ್ಲಿ ಗಲ್ಲಿಗೇರಿಸಿದರು.

ನಮಗೊಂದು ಎಚ್ಚರ

ಇಲ್ಲಿರುವ ನಮಗೂ ಒಂದು ಮಾತು. ತಾತನ ಕಾಲದ ಖಾಲಿ ತೋಟ, ಗುಂಡಿನ ಕೀ ಚೈನ್, ಮಕ್ಕಳ ಆಟದ ಪಿಸ್ತೂಲು, ಏರ್ ಗನ್ನಿನ ಚರೆ ಇಂಥದ್ದು ಯಾವುದನ್ನೂ ನೆನಪಿಗೆಂದು ಸೂಟ್‌ಕೇಸಿಗೆ ಹಾಕಿಕೊಳ್ಳಬೇಡಿ. ಏರ್‌ಪೋರ್ಟಿನ ಯಂತ್ರಕ್ಕೆ ನಿಮ್ಮ ಭಾವನೆ ಕಾಣುವುದಿಲ್ಲ. ಒಂದು ಖಾಲಿ ತೋಟಕ್ಕೆ ವೀಸಾ, ನೌಕರಿ, ಊರಿನ ಸಾಲ ಎಲ್ಲವೂ ಸಿಕ್ಕಿಬೀಳಬಹುದು. ಊರಿನಲ್ಲಿ ಹಿರಿಯರ ಹೆಸರಿನ ಕೋವಿ ಇದ್ದು ಅವರು ತೀರಿಹೋಗಿದ್ದರೆ, ಮುಂದಿನ ರಜೆಯಲ್ಲಿ ಮೊದಲ ಕೆಲಸವಾಗಿ ಅದರ ಕಾಗದ ವಾರಸುದಾರರ ಹೆಸರಿಗೆ ಮಾಡಿಸಿ, ಇಲ್ಲವೇ ಠಾಣೆಗೆ ಒಪ್ಪಿಸಿ. ನಮ್ಮ ಮನೆಯಲ್ಲೇ ತಾತನ ಕೋವಿ ಎರಡು ವರ್ಷ ಅಟ್ಟದಲ್ಲಿ ಕಾಗದವಿಲ್ಲದೆ ಕೂತಿತ್ತು. ತಪ್ಪು ನಮ್ಮದೇ. ಅದನ್ನು ಸರಿಮಾಡಿಸುವಷ್ಟರಲ್ಲಿ ನನ್ನ ಒಂದು ಪೂರ್ತಿ ರಜೆ ಮುಗಿದಿತ್ತು.

ಇದನ್ನೆಲ್ಲ ಒಂದು ಶುಕ್ರವಾರ ಕೂತು ಹುಡುಗನಿಗೆ ಹೇಳಿದೆ. ಕೊಳ್ಳಬೇಡ ಎನ್ನಲಿಲ್ಲ. ಮೊದಲು .22ರಲ್ಲಿ ಕೈ ಕುದುರಲಿ. ವರ್ಷ ಕಳೆದ ಮೇಲೂ ಆಸೆ ಉಳಿದರೆ ಉದ್ದ ನಳಿಗೆಯ, ಭಾರದ.38 ತೆಗೆದುಕೋ, ಭಾರವಿದ್ದಷ್ಟೂ ಒದೆತ ಕಡಿಮೆ ಎಂದೆ. ಒಂದು ಷರತ್ತು ಮಾತ್ರ ಹಾಕಿದೆ: ಕೊಳ್ಳುವ ಮೊದಲು ಅಮ್ಮನನ್ನು ಒಂದು ದಿನ ಕ್ಲಬ್ಬಿಗೆ ಕರೆದುಕೊಂಡು ಹೋಗಬೇಕು.

ಅತ್ತಿಗೆ ಹೋಗಿ ಬಂದರು. ಕಿವಿಗೆ ಮಫ್ ಹಾಕಿಕೊಂಡು ಎರಡು ಗಂಟೆ ಕೂತಿದ್ದರಂತೆ. "ಭಯ ಹೋಗಿಲ್ಲ" ಎಂದರು. "ಆದರೆ ಅಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ, ಯಾರೂ ಅವಸರ ಮಾಡುವುದಿಲ್ಲ. ನಮ್ಮ ಮನೆಯ ಹುಡುಗ ಅಷ್ಟು ಹೊತ್ತು ಫೋನ್ ಮುಟ್ಟದೆ ನಿಂತಿದ್ದನ್ನು ಇದೇ ಮೊದಲು ನೋಡಿದ್ದು."

ಹುಡುಗ ಈಗ ಕ್ಲಬ್ಬಿನ .22ರಲ್ಲೇ ಇದ್ದಾನೆ. ಕಳೆದ ಕೈಲ್ ಮುಹೂರ್ತದ ದಿನ ತನ್ನ ಗುರಿಕಾಗದದ ಫೋಟೋ ಕಳಿಸಿದ. ಹತ್ತರ ವೃತ್ತದಲ್ಲಿ ಎರಡು ತೂತು, ಉಳಿದವು ಸುತ್ತಮುತ್ತ. ತಾತ ಇದ್ದಿದ್ದರೆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಪರವಾಗಿಲ್ಲ, ಇನ್ನೂ ಕಲಿಯಬೇಕು ಎನ್ನುತ್ತಿದ್ದರು. ನಾನೂ ಹಾಗೇ ಬರೆದು ಕಳಿಸಿದೆ.