ಸೆಪ್ಟೆಂಬರ್ 15: ನಮ್ಮ ಹಬ್ಬದ ದಿನ ಇನ್ನೇನೇನು ನಡೆದಿತ್ತು?

ಸೆಪ್ಟೆಂಬರ್ 15 ಬಂತೆಂದರೆ ಇನ್‌ಬಾಕ್ಸ್ ತುಂಬಾ 'ಹ್ಯಾಪಿ ಇಂಜಿನಿಯರ್ಸ್ ಡೇ'. ಮೈಸೂರು ಪೇಟ ತೊಟ್ಟ ಸರ್ ಎಂ.ವಿ. ಫೋಟೋ, ಕೆಳಗೆ ಅವರು ಹೇಳಿದ್ದರೋ ಇಲ್ಲವೋ ಗೊತ್ತಿಲ್ಲದ ಒಂದು ನುಡಿಮುತ್ತು. ನಾನೂ ಇಂಜಿನಿಯರಿಂಗ್ ಓದಿದವನೇ... ಆದರೆ ಕಟ್ಟೆ ಕಟ್ಟಿದವನಲ್ಲ, ಕೋಡ್ ಬರೆಯುವವನು. ಈ ಶುಭಾಶಯ ನನಗೂ ಸಲ್ಲುತ್ತದಾ ಅಂತ ಪ್ರತಿ ವರ್ಷ ಒಂದು ಸಣ್ಣ ಅನುಮಾನ. ಈ ಸಲ, ಇದೇ ತಾರೀಖಿನಂದು ಚರಿತ್ರೆಯಲ್ಲಿ ಇನ್ನೇನು ನಡೆದಿದೆ ಅಂತ ಹುಡುಕುತ್ತಾ ಕೂತೆ. ಕ್ವಿಜ್‌ಗೆ ಬೇಕಾದ ಸರಕು ಸಿಗುತ್ತೆ ಅಂದುಕೊಂಡಿದ್ದೆ. ಸಿಕ್ಕಿದ್ದು ಬೇರೆ.

ಮೊದಲು ನಮ್ಮವರೇ. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯ ಹುಟ್ಟಿದ್ದು 1861ರಲ್ಲಿ (ಕೆಲವು ಕಡೆ 1860 ಅಂತಲೂ ಇದೆ). ಕನ್ನಂಬಾಡಿ ಕಟ್ಟೆಯ ಕತೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಇಷ್ಟ, ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಅವರು ಕೂರಿಸಿದ ಸ್ವಯಂಚಾಲಿತ ಗೇಟುಗಳು. ನೀರು ಒಂದು ಮಟ್ಟ ದಾಟಿದರೆ ತಾನೇ ತೆರೆದುಕೊಳ್ಳುತ್ತವೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತವೆ. ಕಂಪ್ಯೂಟರ್ ಇಲ್ಲದ ಕಾಲದ 'ಇಫ್-ಎಲ್ಸ್'! 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿ ಸಾವಿರಾರು ಜನ ಸತ್ತಾಗ ನಿಜಾಮರ ಸರ್ಕಾರ ಕರೆಸಿದ್ದು ಇವರನ್ನೇ. ನದಿಯ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ನೆರೆಯನ್ನು ಅಲ್ಲೇ ತಡೆಯಿರಿ ಅಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದು ನಿಂತವು. ಹಾಗಂತ ಎಲ್ಲವೂ ಪುಕ್ಕಟೆಯಾಗಿ ಬರಲಿಲ್ಲ. ಮಂಡ್ಯಕ್ಕೆ ಕಬ್ಬು, ಭತ್ತ ಕೊಟ್ಟ ಕಟ್ಟೆಯ ಹಿಂದೆ ಹಳೆಯ ಕನ್ನಂಬಾಡಿ ಊರೇ ಮುಳುಗಿತು.

ಈಗ 1830ಕ್ಕೆ ಹೋಗೋಣ. ಇಂಗ್ಲೆಂಡಿನಲ್ಲಿ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲುಮಾರ್ಗದ ಉದ್ಘಾಟನೆ, ಸೆಪ್ಟೆಂಬರ್ 15. ಪ್ರಧಾನಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಕೂಡ ಬಂದಿದ್ದರು. ನೀರು ತುಂಬಿಸಲು ರೈಲು ಪಾರ್ಕ್‌ಸೈಡ್‌ನಲ್ಲಿ ನಿಂತಾಗ, ಇಳಿಯಬೇಡಿ ಅಂತ ಮೊದಲೇ ಹೇಳಿದ್ದರೂ ಹಲವರು ಇಳಿದರು. ಲಿವರ್‌ಪೂಲಿನ ಸಂಸದ ವಿಲಿಯಂ ಹಸ್ಕಿಸನ್, ಮುನಿಸಿಕೊಂಡಿದ್ದ ಡ್ಯೂಕ್ ಜೊತೆ ರಾಜಿಯಾಗಲು ಅವರ ಬೋಗಿಯ ಬಳಿ ನಡೆದರು. ಪಕ್ಕದ ಹಳಿಯಲ್ಲಿ 'ರಾಕೆಟ್' ಎಂಜಿನ್ ಬಂತು. ಅದಕ್ಕೆ ಇಂದಿನಂಥ ಬ್ರೇಕ್ ಇರಲಿಲ್ಲ. ಅಷ್ಟು ವೇಗವನ್ನು ಅಂದಾಜು ಮಾಡುವ ಕಣ್ಣು ಆಗಿನ ಜನಕ್ಕೂ ಇರಲಿಲ್ಲ. ಕಾಲು ನಜ್ಜುಗುಜ್ಜಾಯಿತು. ಜಾರ್ಜ್ ಸ್ಟೀಫನ್‌ಸನ್ ತಾವೇ ಎಂಜಿನ್ ಓಡಿಸಿಕೊಂಡು ಅವರನ್ನು ಎಕ್ಲ್ಸ್ ಊರಿಗೆ ಕರೆದೊಯ್ದರು. ಅದೇ ರಾತ್ರಿ ಹಸ್ಕಿಸನ್ ತೀರಿಕೊಂಡರು. ರಿಲೀಸ್ ದಿನವೇ ಪ್ರೊಡಕ್ಷನ್‌ನಲ್ಲಿ ಬಗ್ ಬಿದ್ದ ಹಾಗೆ ಅಂತ ತಮಾಷೆ ಮಾಡಲು ಹೊರಟೆ, ಬಾಯಿ ಬರಲಿಲ್ಲ.

1916, ಅದೇ ತಾರೀಖು. ಫ್ರಾನ್ಸಿನ ಸೊಮ್ ರಣರಂಗದಲ್ಲಿ, ಫ್ಲೆರ್ಸ್ ಬಳಿ, ಬ್ರಿಟಿಷರು ಮೊದಲ ಬಾರಿಗೆ ಟ್ಯಾಂಕ್ ಇಳಿಸಿದರು. ಹಲವು ದಾರಿಯಲ್ಲೇ ಕೆಟ್ಟು ನಿಂತವು. ಗುಟ್ಟು ಬಯಲಾಗದಿರಲಿ ಅಂತ ಅದನ್ನು 'ನೀರಿನ ಟ್ಯಾಂಕ್' ಅಂತ ಕರೆಯುತ್ತಿದ್ದರಂತೆ, ಆ ಹೆಸರೇ ನಿಂತಿತು. ನಮ್ಮ ಕಡೆ ಟ್ಯಾಂಕ್ ಅಂದರೆ ಕೆರೆ ಅಲ್ಲವೇ? ಒಂದೇ ಪದ. ಒಂದು ಊರನ್ನು ಬದುಕಿಸುವುದು, ಇನ್ನೊಂದು ಊರನ್ನು ಅಳಿಸುವುದು.

ಹೆಚ್ಚು ಕಾಡಿದ್ದು 1935. ಜರ್ಮನಿಯಲ್ಲಿ ನ್ಯೂರೆಂಬರ್ಗ್ ಕಾನೂನುಗಳು ಜಾರಿಯಾಗಿ ಯಹೂದಿಗಳ ಪೌರತ್ವದ ಹಕ್ಕು ಹೋಯಿತು, ಇತರ ಜರ್ಮನ್ನರೊಂದಿಗೆ ಮದುವೆ ಅಪರಾಧವಾಯಿತು. ಇದರಲ್ಲಿ ಇಂಜಿನಿಯರಿಂಗ್ ಎಲ್ಲಿದೆ ಅಂತೀರಾ? 1939ರ ಅಲ್ಲಿನ ಜನಗಣತಿಯಲ್ಲಿ ಪ್ರತಿಯೊಬ್ಬರ ಅಜ್ಜ-ಅಜ್ಜಿಯರಲ್ಲಿ ಯಾರು ಯಹೂದಿ ಅಂತ ಕೇಳಲಾಯಿತು. ಎಣಿಸಿದ್ದು ಹಾಲೆರಿತ್ ಪಂಚ್ ಕಾರ್ಡ್ ಯಂತ್ರಗಳು. ಅವು ನಮ್ಮ ಕಂಪ್ಯೂಟರ್‌ಗಳ ಪೂರ್ವಜರು. ಆ ಕಾರ್ಡಿನ ವಿನ್ಯಾಸ ಮಾಡಿದವನೂ ಸಂಜೆ ಮನೆಗೆ ಹೋಗಿ ಊಟ ಮಾಡಿ ಮಲಗಿರುತ್ತಾನೆ. ಅವನ ಪಾಲಿಗೆ ಅದೊಂದು ಕಾಲಂ ಅಷ್ಟೇ.

ಪಟ್ಟಿ ಇನ್ನೂ ಇದೆ. 1959ರಲ್ಲಿ ಇದೇ ದಿನ ದೆಹಲಿಯಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರ ಶುರುವಾಯಿತು. 2008ರಲ್ಲಿ ಲೇಮನ್ ಬ್ರದರ್ಸ್ 600 ಬಿಲಿಯನ್ ಡಾಲರಿಗೂ ಹೆಚ್ಚಿನ ಸಾಲದೊಂದಿಗೆ ದಿವಾಳಿ ಅರ್ಜಿ ಹಾಕಿತು, 'ರಿಸೆಶನ್' ಎಂಬ ಪದ ಬೆಂಗಳೂರಿನ ಮನೆಮಾತಾಯಿತು.

ಒಂದೇ ತಾರೀಖು ಅನ್ನುವುದು ಕಾಕತಾಳೀಯ, ಅದಕ್ಕೇನೂ ವಿಶೇಷ ಅರ್ಥವಿಲ್ಲ. ಆದರೂ ಒಟ್ಟಿಗೆ ಓದಿದಾಗ ನನ್ನದೇ ಒಂದು ಕೆಲಸ ನೆನಪಾಯಿತು. ಹೋದ ವರ್ಷ ಒಂದು ಫಾರ್ಮಿಗೆ 'ಧರ್ಮ' ಅನ್ನುವ ಕಾಲಂ ಸೇರಿಸಿ ಅಂದರು. ಅರ್ಧ ಗಂಟೆಯ ಕೆಲಸ. ಡ್ರಾಪ್‌ಡೌನ್ ಹಾಕಿದೆ, ಕಡ್ಡಾಯ ಅಂತ ಕೆಂಪು ನಕ್ಷತ್ರ ಇಟ್ಟೆ, ಟೆಸ್ಟ್ ಪಾಸಾಯಿತು. ಯಾಕೆ ಬೇಕು, ಯಾರು ನೋಡುತ್ತಾರೆ ಅಂತ ಕೇಳಲೇ ಇಲ್ಲ. ಬಹುಶಃ ಅಲ್ಲಿ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ. ಆದರೆ ಕೇಳಲಿಲ್ಲ ಅನ್ನುವುದು ಮಾತ್ರ ನಿಜ.

ಖಡಕ್‌ವಾಸ್ಲಾದ ಗೇಟಿಗೆ ಯಾವಾಗ ತೆರೆಯಬೇಕು ಅಂತ ಗೊತ್ತಿತ್ತು, ಯಾಕೆಂದರೆ ಅದನ್ನು ಮಾಡಿದವರು ನೀರು ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಯೋಚಿಸಿದ್ದರು. ಶುಭಾಶಯ ನನಗೆ ಸಲ್ಲಬೇಕಾದರೆ ನಾನೂ ಅಷ್ಟು ಮಾಡಬೇಕು. ಮುಂದಿನ ಸಲ ಕೇಳುತ್ತೇನೆ ಅಂದುಕೊಂಡಿದ್ದೇನೆ.

ನಿಮ್ಮ ಹುಟ್ಟಿದ ದಿನ ಇನ್ನೇನೇನು ನಡೆದಿತ್ತು? ಒಮ್ಮೆ ಹುಡುಕಿ ನೋಡಿ. ಬರೀ ಕೇಕ್ ತಿನ್ನುವ ದಿನವಾಗಿ ಉಳಿಯಲಿಕ್ಕಿಲ್ಲ... :)